ಗೊತ್ತಿದ್ದೂ ಮಾಡದಿರುವುದೇಕೆ? ವಿದ್ಯಾರ್ಥಿಗಳ ಆರೋಗ್ಯ ನಂಬಿಕೆ ಮತ್ತು ದಿನನಿತ್ಯದ ರೂಢಿ

ಸಮುದಾಯ ಆರೋಗ್ಯ ಅಧ್ಯಾಪಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗಳಿಗೆ ಸಮುದಾಯ ಆರೋಗ್ಯವನ್ನು ಕಲಿಸುವ ನನ್ನನ್ನು ಹಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಪ್ರತಿ ವರ್ಷವೂ ಸೆಮಿಸ್ಟರಿನ ಮೊದಲ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಎರಡು ಹಾಳೆಗಳನ್ನು ಕೊಡುತ್ತೇನೆ. ನಿದ್ದೆ, ವ್ಯಾಯಾಮ, ಆಹಾರ, ತಂಬಾಕು, ಮದ್ಯ, ಔಷಧಗಳ ಬಳಕೆ ಇವುಗಳ ಬಗ್ಗೆ ಅವರು ಏನನ್ನು ನಂಬುತ್ತಾರೆ ಎಂಬುದಕ್ಕೆ ಮೊದಲನೆಯ ಹಾಳೆ. ಹಿಂದಿನ ಏಳು ದಿನ ನಿಜಕ್ಕೂ ಏನು ಮಾಡಿದರು ಎಂಬುದನ್ನು ಎರಡನೆಯದರಲ್ಲಿ ದಿನವಾರು ಬರೆಯಬೇಕು. ಹೆಸರು ಬರೆಯುವಂತಿಲ್ಲವಾದ್ದರಿಂದ ನನ್ನನ್ನು ಮೆಚ್ಚಿಸಲೆಂದು ಬರೆದ ಉತ್ತರಗಳು ಕಡಿಮೆ ಎಂದು ತಿಳಿದಿದ್ದೇನೆ.

ಈ ಸಲ ಒಂದು ಜೋಡಿ ಹಾಳೆಯ ಮುಂದೆ ಬಹಳ ಹೊತ್ತು ಕುಳಿತೆ. ‘ಆರೋಗ್ಯವಾಗಿರಲು ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು’ ಎಂಬ ವಾಕ್ಯದ ಎದುರು ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬ ಚೌಕದಲ್ಲಿ ಆ ವಿದ್ಯಾರ್ಥಿ ಎರಡೆರಡು ಸಲ ಗುರುತು ಹಾಕಿದ್ದಾರೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆಯ ಹಿಂಬದಿ ಉಬ್ಬಿದೆ. ಎರಡನೆಯ ಹಾಳೆಯಲ್ಲಿ ‘ಮಲಗಿದ ಸಮಯ’ ಎಂಬಲ್ಲಿ 2.10, 1.45, 3.00, 2.30 ಎಂದು ಬರೆದು, ಐದನೆಯ ದಿನದ ಎದುರು ‘ಮಲಗಲಿಲ್ಲ’ ಎಂದಿದ್ದಾರೆ. ಉಳಿದೆಲ್ಲ ದಿನ ಎದ್ದದ್ದು ಬೆಳಿಗ್ಗೆ 7ರ ಆಸುಪಾಸಿನಲ್ಲಿ. ಈ ವಿದ್ಯಾರ್ಥಿ ಎಲ್ಲಿಯೂ ಸುಳ್ಳು ಹೇಳಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಂಬಿಕೆಯನ್ನೂ ಮುಚ್ಚಿಟ್ಟಿಲ್ಲ, ರೂಢಿಯನ್ನೂ ಮುಚ್ಚಿಟ್ಟಿಲ್ಲ.

ತಿಳಿಸಿಕೊಟ್ಟರೆ ನಂಬುತ್ತಾರೆ, ನಂಬಿದರೆ ಹಾಗೆಯೇ ನಡೆದುಕೊಳ್ಳುತ್ತಾರೆ ಎಂಬ ಎಣಿಕೆಯ ಮೇಲೆ ನಮ್ಮ ಬೋಧನೆ, ಭಿತ್ತಿಪತ್ರ, ಅರಿವು ಸಪ್ತಾಹಗಳೆಲ್ಲ ನಿಂತಿವೆ. ಆ ಎಣಿಕೆಯೇ ತಪ್ಪೇ? ಅಥವಾ ನಾನು ಕೇಳುತ್ತಿರುವ ಪ್ರಶ್ನೆಗಳು ತಪ್ಪೇ? ಈ ವಿಷಯದಲ್ಲಿ ಓದಿದವರು, ವಿದ್ಯಾರ್ಥಿಗಳೊಂದಿಗೆ ದಿನವೂ ಒಡನಾಡುವವರು, ಮುಖ್ಯವಾಗಿ ವಿದ್ಯಾರ್ಥಿಗಳೇ ಉತ್ತರಿಸಿದರೆ ಉಪಕಾರವಾಗುತ್ತದೆ.

ಮನಶ್ಶಾಸ್ತ್ರ ಸಂಶೋಧನಾ ವಿದ್ಯಾರ್ಥಿ

ಮೇಡಂ, ಎಣಿಕೆ ಪೂರ್ತಿ ತಪ್ಪಲ್ಲ ಎಂದು ನನ್ನ ಅಭಿಪ್ರಾಯ. ಆದರೆ ನಿಮ್ಮ ಹಾಳೆ ಅಳೆಯುತ್ತಿರುವ ನಂಬಿಕೆ ಬೇರೆ, ರೂಢಿಯೊಂದಿಗೆ ನಂಟುಳ್ಳ ನಂಬಿಕೆ ಬೇರೆ. ‘ಆರೋಗ್ಯಕ್ಕೆ ಏಳು ಗಂಟೆ ನಿದ್ದೆ ಬೇಕು’ ಎನ್ನುವುದು ಲೋಕದ ಬಗೆಗಿನ ಮಾತು, ಅದನ್ನು ಒಪ್ಪಲು ಯಾರಿಗೂ ಕಷ್ಟವಿಲ್ಲ. ‘ಹೀಗೆಯೇ ನಡೆದರೆ ನನಗೆ ತೊಂದರೆಯಾಗುತ್ತದೆ’ ಎನ್ನುವುದು ತನ್ನ ಬಗೆಗಿನ ಮಾತು.

ಈ ವ್ಯತ್ಯಾಸವನ್ನು ಮೊದಲು ಸ್ಪಷ್ಟವಾಗಿ ಹಿಡಿದವರು 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಕೆಲಸ ಮಾಡುತ್ತಿದ್ದ ಗಾಡ್‌ಫ್ರೆ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್, ಹೋವರ್ಡ್ ಲೆವೆಂಥಾಲ್ ಮೊದಲಾದ ಸಾಮಾಜಿಕ ಮನಶ್ಶಾಸ್ತ್ರಜ್ಞರು. ಕ್ಷಯರೋಗವನ್ನು ಮೊದಲ ಹಂತದಲ್ಲಿಯೇ ಪತ್ತೆಹಚ್ಚಲು ಎಕ್ಸ್‌ರೇ ವಾಹನಗಳನ್ನು ಜನವಸತಿಯ ಹತ್ತಿರಕ್ಕೇ ಕಳುಹಿಸಿ, ತಪಾಸಣೆಯನ್ನು ಉಚಿತವಾಗಿ ಮಾಡಿದರೂ ಜನ ಏಕೆ ಬರುತ್ತಿಲ್ಲ ಎಂಬುದು ಅವರ ಮುಂದಿದ್ದ ಪ್ರಶ್ನೆ. ಹಾಕ್‌ಬಾಮ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನಗೂ ಕ್ಷಯ ಬರಬಹುದು ಎಂದು ನಂಬಿದ್ದು, ಬೇಗ ಪತ್ತೆಯಾದರೆ ಪ್ರಯೋಜನವಿದೆ ಎಂದೂ ನಂಬಿದ್ದವರಲ್ಲಿ ಶೇ. 82ರಷ್ಟು ಜನ ಸ್ವಇಚ್ಛೆಯಿಂದ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ನಂಬಿಕೆಗಳಿಲ್ಲದವರಲ್ಲಿ ಶೇ. 21ರಷ್ಟು ಮಾತ್ರ. ಆರೋಗ್ಯ ನಂಬಿಕೆ ಮಾದರಿ ಎಂದು ನಾವು ಇಂದು ಪಾಠದಲ್ಲಿ ಓದುವುದು ಇಲ್ಲಿಂದ ಬೆಳೆದದ್ದು. ನನಗೆ ಬರುವ ಸಂಭವ ಎಷ್ಟು, ಬಂದರೆ ಎಷ್ಟು ಗಂಭೀರ, ಮುನ್ನೆಚ್ಚರಿಕೆಯಿಂದ ಏನು ಲಾಭ, ಅಡ್ಡಿಗಳೇನು, ಈಗಲೇ ಮಾಡು ಎಂದು ಎಚ್ಚರಿಸುವ ಸೂಚನೆ ಯಾವುದು ಎಂಬ ಅಂಶಗಳ ಜೊತೆಗೆ, ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು 1988ರಲ್ಲಿ ಸೇರಿಸಿದರು. ಈ ಕೊನೆಯದನ್ನು ಆಲ್ಬರ್ಟ್ ಬಂಡೂರ 1977ರಲ್ಲಿಯೇ ವಿವರಿಸಿದ್ದರು.

ಇಪ್ಪತ್ತರ ಹರೆಯದಲ್ಲಿ ಇವುಗಳ ಪೈಕಿ ಮೊದಲನೆಯದೇ ಅತ್ಯಂತ ದುರ್ಬಲವಾಗಿರುತ್ತದೆ. ನೀಲ್ ವೈನ್‌ಸ್ಟೈನ್ 1980ರಲ್ಲಿ 258 ಕಾಲೇಜು ವಿದ್ಯಾರ್ಥಿಗಳಿಗೆ 42 ಬಗೆಯ ಘಟನೆಗಳ ಪಟ್ಟಿ ಕೊಟ್ಟು, ಸಹಪಾಠಿಗಳಿಗೆ ಹೋಲಿಸಿದರೆ ನಿಮ್ಮ ಬದುಕಿನಲ್ಲಿ ಇವು ನಡೆಯುವ ಸಂಭವ ಎಷ್ಟು ಎಂದು ಕೇಳಿದರು. ಒಳ್ಳೆಯದು ತಮಗೆ ಹೆಚ್ಚು, ಕೆಟ್ಟದ್ದು ತಮಗೆ ಕಡಿಮೆ ಎಂಬುದು ಒಟ್ಟಾರೆ ಉತ್ತರವಾಗಿತ್ತು. ಎಲ್ಲರೂ ಸರಾಸರಿಗಿಂತ ಸುರಕ್ಷಿತರಾಗಿರಲು ಸಾಧ್ಯವಿಲ್ಲ. ಇದುವರೆಗೆ ಬಾರದ ತೊಂದರೆ ಇನ್ನು ಮುಂದೆಯೂ ಬಾರದು ಎಂಬ ಭಾವನೆ ಈ ಅತಿ ಭರವಸೆಯ ಬೇರುಗಳಲ್ಲಿ ಒಂದೆಂದು ಅವರೇ ಮುಂದೆ ತೋರಿಸಿದರು. ಎರಡು ಸಲ ಗುರುತು ಹಾಕಿದ ಆ ವಿದ್ಯಾರ್ಥಿ ವಾಕ್ಯವನ್ನು ಪೂರ್ಣ ಮನಸ್ಸಿನಿಂದಲೇ ಒಪ್ಪಿದ್ದಾರೆ. ಅದರೊಳಗೆ ತಾವೂ ಸೇರುತ್ತೇವೆ ಎಂದು ಮಾತ್ರ ಒಪ್ಪಿಲ್ಲ.

ಅಂತಿಮ ವರ್ಷದ ವಿದ್ಯಾರ್ಥಿನಿ

ಆ ಹಾಳೆ ನನ್ನದಲ್ಲ, ಆದರೆ ನನ್ನದೂ ಆಗಬಹುದಿತ್ತು. ಸರ್ ಹೇಳಿದ ವಿವರಣೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ ಎನಿಸುತ್ತದೆ. ನಿದ್ದೆಗೆಟ್ಟರೆ ತೊಂದರೆಯಾಗುತ್ತದೆ ಎಂಬುದು ನನಗೆ ಅನುಭವದಿಂದಲೇ ಗೊತ್ತಿತ್ತು. ಮೊದಲ ವರ್ಷ ತಲೆನೋವು ಬರುತ್ತಿತ್ತು, ಓದಿದ ಪುಟವನ್ನೇ ಮತ್ತೆ ಓದುತ್ತಿದ್ದೆ. ಎರಡನೆಯ ವರ್ಷದ ಹೊತ್ತಿಗೆ ತಲೆನೋವು ನಿಂತಿತು, ದೇಹಕ್ಕೆ ಅಭ್ಯಾಸವಾಯಿತು ಎಂದುಕೊಂಡೆ. ಅಂದರೆ ‘ನಿದ್ದೆ ಬೇಕು’ ಎಂಬ ನಂಬಿಕೆಯನ್ನು ಬಿಡದೆಯೇ, ‘ನನಗೆ ಐದು ಗಂಟೆ ಸಾಕು’ ಎಂಬ ಇನ್ನೊಂದು ನಂಬಿಕೆಯನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಹಾಳೆ ಕೇಳಿದ್ದರೆ ಎರಡನ್ನೂ ಒಪ್ಪುತ್ತೇನೆ ಎಂದೇ ಬರೆಯುತ್ತಿದ್ದೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಅಸೈನ್‌ಮೆಂಟ್ ಸಲ್ಲಿಸುವ ಕೊನೆಯ ಗಳಿಗೆ ರಾತ್ರಿ 11.59 ಎಂದು ನಿಗದಿಪಡಿಸುವವರು ವಿದ್ಯಾರ್ಥಿಗಳಲ್ಲ. ಮಧ್ಯರಾತ್ರಿಯವರೆಗೆ ಅದನ್ನು ಮುಗಿಸಿ, ಒಡನೆಯೇ ನಿದ್ದೆ ಬರುವುದೆಂದು ನಿರೀಕ್ಷಿಸುವುದು ಕಷ್ಟ. ನಂಬಿಕೆಯನ್ನು ಅಳೆಯುವಾಗ ದಯವಿಟ್ಟು ಇದನ್ನೂ ಅಳೆಯಿರಿ.

ವೈದ್ಯ, ವಿದ್ಯಾರ್ಥಿ ಆರೋಗ್ಯ ಕೇಂದ್ರ

ವಿದ್ಯಾರ್ಥಿನಿಯ ಮಾತನ್ನು ಓದಿ ಬರೆಯಲೇಬೇಕೆನಿಸಿತು, ಏಕೆಂದರೆ ‘ಅಭ್ಯಾಸವಾಯಿತು’ ಎಂಬ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದಿದೆ. ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ 48 ಆರೋಗ್ಯವಂತ ವಯಸ್ಕರು ಭಾಗವಹಿಸಿದ್ದರು. ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6, ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಅವಕಾಶ ಕೊಟ್ಟು 14 ದಿನ ಅವರ ಏಕಾಗ್ರತೆಯನ್ನೂ ನೆನಪನ್ನೂ ಅಳೆದರು. 6 ಮತ್ತು 4 ಗಂಟೆಯ ಗುಂಪಿನವರ ಸಾಮರ್ಥ್ಯ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಗಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ‘ಎಷ್ಟು ತೂಕಡಿಕೆ ಅನಿಸುತ್ತಿದೆ’ ಎಂಬ ಪ್ರಶ್ನೆಗೆ ಅವರು ಕೊಟ್ಟ ಅಂಕ ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ಒಂದೆಡೆ ನಿಂತುಬಿಟ್ಟಿತು. ನಷ್ಟ ಬೆಳೆಯುತ್ತಿತ್ತು, ನಷ್ಟದ ಅರಿವು ಬೆಳೆಯಲಿಲ್ಲ. ತಂಗಿ, ನಿನ್ನ ತಲೆನೋವು ನಿಂತದ್ದು ನಿಜವೇ ಇರಬಹುದು. ಓದಿದ ಪುಟವನ್ನು ಮತ್ತೆ ಓದುವುದು ನಿಂತಿದೆಯೇ ಎಂದು ಒಮ್ಮೆ ಗಮನಿಸಿ ನೋಡು.

ನಂಬಿಕೆಗೂ ರೂಢಿಗೂ ನಂಟು ಸಡಿಲ ಎಂಬ ದಿಕ್ಕಿನಲ್ಲಿ ಚರ್ಚೆ ಸಾಗುತ್ತಿದೆಯಾದ್ದರಿಂದ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ಕೆಲವು ಕಡೆ ಆ ನಂಟು ಬಹಳ ಬಿಗಿಯಾಗಿದೆ, ಅದರಲ್ಲಿಯೂ ತಪ್ಪು ನಂಬಿಕೆಯ ವಿಷಯದಲ್ಲಿ. ನೆಗಡಿಗೆ ಕಾರಣ ವೈರಸ್, ಆಂಟಿಬಯೋಟಿಕ್‌ಗಳು ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ಇದನ್ನು ಅರಿಯದ, ‘ಬೇಗ ಗುಣವಾಗಬೇಕಾದರೆ ಆಂಟಿಬಯೋಟಿಕ್ ಬೇಕು’ ಎಂದು ನಂಬಿದ ವಿದ್ಯಾರ್ಥಿ ಅದನ್ನು ಕೇಳಿ ಪಡೆಯುತ್ತಾನೆ, ಎರಡು ದಿನಕ್ಕೆ ಹಗುರಾದೊಡನೆ ನಿಲ್ಲಿಸುತ್ತಾನೆ, ಉಳಿದದ್ದನ್ನು ಎತ್ತಿಡುತ್ತಾನೆ. ಕಳೆದ ವಾರ ಒಬ್ಬ ಹುಡುಗ ಗಂಟಲು ನೋವೆಂದು ಬಂದ. ಇದುವರೆಗೆ ಏನು ತೆಗೆದುಕೊಂಡೆ ಎಂದು ಕೇಳಿದಾಗ ಚೀಲದ ಪುಟ್ಟ ಜೇಬಿನಿಂದ, ಕ್ಯಾಲ್ಕುಲೇಟರಿನ ಹಿಂದೆ ಮಡಚಿಟ್ಟಿದ್ದ ಮಾತ್ರೆಯ ಹಾಳೆಯನ್ನು ತೆಗೆದ. ಮೂರು ಮಾತ್ರೆ ಉಳಿದಿದ್ದವು. ಹೆಸರಿದ್ದ ಭಾಗ ಹರಿದುಹೋಗಿತ್ತು. ಅವನ ಗೆಳೆಯ ಹಿಂದಿನ ಸೆಮಿಸ್ಟರಿನಲ್ಲಿ ಬಿಟ್ಟ ಮಾತ್ರೆಗಳಂತೆ. ಇಲ್ಲಿ ಇಚ್ಛಾಶಕ್ತಿಯ ಕೊರತೆಯಿಲ್ಲ, ಸಮಯದ ಅಡ್ಡಿಯಿಲ್ಲ. ನಂಬಿಕೆಯೊಂದೇ ಕೆಲಸ ಮಾಡಿದೆ. ಇಂತಹ ಕಡೆ ತಿಳಿವಳಿಕೆ ಕೊಡುವುದು ಖಂಡಿತ ವ್ಯರ್ಥವಲ್ಲ. ಮಾಡಲು ಸುಲಭವಾದ ಕೆಲಸದಲ್ಲಿ ನಂಬಿಕೆ ನೇರವಾಗಿ ಕೈಗೆ ಇಳಿಯುತ್ತದೆ. ದಿನವೂ ಶ್ರಮ ಬೇಡುವ ಕೆಲಸದಲ್ಲಿ ಮನಸ್ಸಿನಲ್ಲಿಯೇ ಉಳಿಯುತ್ತದೆ ಎಂಬುದು ನನ್ನ ಅನುಭವ.

ಸಂಖ್ಯಾಶಾಸ್ತ್ರ ಬೋಧಕ

ಮೇಡಂ ಅವರ ಎರಡು ಹಾಳೆಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಎರಡನ್ನೂ ಒಂದೇ ದಿನ ತುಂಬಿಸಿಕೊಂಡರೆ ನಂಬಿಕೆಯಿಂದ ರೂಢಿ ಬಂದಿತೋ, ರೂಢಿಯಿಂದ ನಂಬಿಕೆ ಬಂದಿತೋ ತಿಳಿಯುವುದಿಲ್ಲ. ಸಹಸಂಬಂಧಕ್ಕೆ ದಿಕ್ಕಿಲ್ಲ.

ಇದು ಲೆಕ್ಕದ ತಕರಾರು ಮಾತ್ರವಲ್ಲ. ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಅರಿವಿನ ಅಸಾಂಗತ್ಯವನ್ನು ವಿವರಿಸುವಾಗ ಧೂಮಪಾನಿಯ ಉದಾಹರಣೆಯನ್ನೇ ಬಳಸಿದ್ದರು. ‘ನಾನು ಸೇದುತ್ತೇನೆ’, ‘ಸೇದುವುದು ಅಪಾಯ’ ಎಂಬ ಎರಡು ಅರಿವುಗಳು ಜೊತೆಯಲ್ಲಿ ನೆಮ್ಮದಿಯಾಗಿ ಇರಲಾರವು. ಸೇದುವುದನ್ನು ಬಿಡುವುದು ಕಷ್ಟ, ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳುವುದು ಸುಲಭ. ‘ದಿನಕ್ಕೆ ಎರಡೇ’, ‘ಪದವಿ ಮುಗಿದ ಮೇಲೆ ಬಿಡುತ್ತೇನೆ’, ‘ಒತ್ತಡದಿಂದ ಆಗುವ ಹಾನಿ ಇದಕ್ಕಿಂತ ದೊಡ್ಡದು’ ಎಂಬ ನಂಬಿಕೆಗಳು ಸೇದಲು ಆರಂಭಿಸುವ ಮೊದಲು ಇರಲಿಲ್ಲ, ಆಮೇಲೆ ಬಂದವು. ವಿದ್ಯಾರ್ಥಿನಿಯು ಬರೆದ ‘ಐದು ಗಂಟೆ ಸಾಕು’ ಎಂಬುದೂ ಹಾಗೆಯೇ ಹುಟ್ಟಿದ್ದು. ಅವರು ಅದನ್ನು ಅಷ್ಟು ಪ್ರಾಮಾಣಿಕವಾಗಿ ಗುರುತಿಸಿದ್ದು ಈ ಚರ್ಚೆಗೆ ದೊಡ್ಡ ಕೊಡುಗೆ ಎಂದು ಭಾವಿಸುತ್ತೇನೆ.

ಹೀಗೆಂದು ಒಂದೇ ಕಾಲದ ಸಮೀಕ್ಷೆಗಳಿಗೆ ಬೆಲೆಯಿಲ್ಲ ಎಂದಲ್ಲ. ತನ್ನ ಆರೋಗ್ಯ ತನ್ನ ಕೈಯಲ್ಲಿದೆಯೋ, ವೈದ್ಯರಂತಹ ಬಲ್ಲವರ ಕೈಯಲ್ಲಿದೆಯೋ, ಅದೃಷ್ಟದ ಕೈಯಲ್ಲಿದೆಯೋ ಎಂಬ ನಂಬಿಕೆಗಳನ್ನು ಬೇರೆಬೇರೆಯಾಗಿ ಅಳೆಯುವ ಪ್ರಶ್ನಾವಳಿಯನ್ನು ವಾಲ್‌ಸ್ಟನ್ ದಂಪತಿ ಮತ್ತು ಡಿವೆಲ್ಲಿಸ್ 1978ರಲ್ಲಿ ರೂಪಿಸಿದರು. ಆಂಡ್ರ್ಯೂ ಸ್ಟೆಪ್ಟೊ ಮತ್ತು ಜೇನ್ ವಾರ್ಡಲ್ ಅದನ್ನು 18 ಯುರೋಪಿಯನ್ ದೇಶಗಳ 7,000ಕ್ಕೂ ಹೆಚ್ಚು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಅನ್ವಯಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಅಭ್ಯಾಸಗಳನ್ನು ಪರಿಶೀಲಿಸಿದರು. ‘ನನ್ನ ಕೈಯಲ್ಲಿದೆ’ ಎಂದು ಗಟ್ಟಿಯಾಗಿ ನಂಬಿದವರಲ್ಲಿ ಹಲವು ಒಳ್ಳೆಯ ಅಭ್ಯಾಸಗಳು ಹೆಚ್ಚಾಗಿಯೂ, ‘ಎಲ್ಲ ಅದೃಷ್ಟ’ ಎಂದು ನಂಬಿದವರಲ್ಲಿ ಕಡಿಮೆಯಾಗಿಯೂ ಕಂಡುಬಂದವು. ನಂಟು ಇದೆ ಎಂಬುದರಲ್ಲಿ ಅನುಮಾನವಿಲ್ಲ. ದಿಕ್ಕನ್ನು ತಿಳಿಯಬೇಕಾದರೆ ಅದೇ ವಿದ್ಯಾರ್ಥಿಗಳನ್ನು ಕಾಲಾಂತರದಲ್ಲಿ ಮತ್ತೆ ಕೇಳಬೇಕು, ಇಲ್ಲವೇ ನಂಬಿಕೆಯನ್ನು ಬದಲಿಸಿ ರೂಢಿ ಬದಲಾಗುತ್ತದೆಯೇ ಎಂದು ನೋಡಬೇಕು.

ಸಮುದಾಯ ಆರೋಗ್ಯ ಅಧ್ಯಾಪಕಿ

ಬೋಧಕರು ಹೇಳಿದ ಎರಡನೆಯ ದಾರಿಯ ಬಗ್ಗೆಯೇ ಕೇಳುತ್ತೇನೆ. ‘ನನಗೂ ಆಗಬಹುದು’ ಎಂಬ ನಂಬಿಕೆ ದುರ್ಬಲವಾಗಿದ್ದರೆ, ಅಪಾಯವನ್ನು ಇನ್ನಷ್ಟು ಗಾಢವಾಗಿ, ಚಿತ್ರಗಳ ಸಮೇತ ತೋರಿಸಿ ಆ ನಂಬಿಕೆಯನ್ನು ಬಲಪಡಿಸಬಹುದಲ್ಲವೇ? ನನ್ನ ಹಲವು ಸಹೋದ್ಯೋಗಿಗಳು ಹೀಗೆಯೇ ಮಾಡುತ್ತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ, ಆದರೆ ಒಪ್ಪದಿರಲು ಸಕಾರಣವಿದೆಯೇ ಎಂಬುದು ತಿಳಿಯದು.

ಮನಶ್ಶಾಸ್ತ್ರ ಸಂಶೋಧನಾ ವಿದ್ಯಾರ್ಥಿ

ಸಕಾರಣವಿದೆ, ಮೇಡಂ. ಮೇಲೆ ಹೆಸರಿಸಿದ ಲೆವೆಂಥಾಲ್ ಅವರೇ ರಾಬರ್ಟ್ ಸಿಂಗರ್ ಮತ್ತು ಸೂಸನ್ ಜೋನ್ಸ್ ಅವರೊಂದಿಗೆ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಸರಿಯಾಗಿ ಇದೇ ಪ್ರಶ್ನೆಯನ್ನು ಕುರಿತದ್ದು. ಧನುರ್ವಾಯುವಿನ ಬಗ್ಗೆ ಕೆಲವರಿಗೆ ಭಯ ಹುಟ್ಟಿಸುವ ಕಿರುಹೊತ್ತಗೆಯನ್ನೂ, ಕೆಲವರಿಗೆ ಸೌಮ್ಯವಾದದ್ದನ್ನೂ ಓದಲು ಕೊಟ್ಟರು. ಭಯದ ಹೊತ್ತಗೆ ಓದಿದವರು ರೋಗ ಗಂಭೀರವೆಂದೂ, ಚುಚ್ಚುಮದ್ದು ಮುಖ್ಯವೆಂದೂ ಹೆಚ್ಚು ಬಲವಾಗಿ ಹೇಳಿದರು. ಅಂದರೆ ನಂಬಿಕೆಯೂ ಸಂಕಲ್ಪವೂ ಗಟ್ಟಿಯಾದವು. ಆದರೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡವರ ಲೆಕ್ಕದಲ್ಲಿ ಭಯ ಹೆಚ್ಚೋ ಕಡಿಮೆಯೋ ಎಂಬುದು ವ್ಯತ್ಯಾಸವನ್ನೇ ಮಾಡಲಿಲ್ಲ. ವ್ಯತ್ಯಾಸ ಮಾಡಿದ್ದು ಇನ್ನೊಂದು ಹಾಳೆ. ಅದರಲ್ಲಿ ವಿಶ್ವವಿದ್ಯಾಲಯದ ನಕ್ಷೆಯಿತ್ತು, ಆರೋಗ್ಯ ಕೇಂದ್ರದ ಸುತ್ತ ಒಂದು ಗುರುತಿತ್ತು, ವಾರದ ಯಾವ ಹೊತ್ತಿನಲ್ಲಿ ಯಾವ ದಾರಿಯಾಗಿ ಹೋಗುವಿರಿ ಎಂದು ಯೋಚಿಸಿಕೊಳ್ಳಿ ಎಂಬ ಮಾತಿತ್ತು. ಆ ಹಾಳೆ ದೊರೆತವರಲ್ಲಿ ಸುಮಾರು ಶೇ. 28ರಷ್ಟು ಮಂದಿ ಹಾಕಿಸಿಕೊಂಡರು, ದೊರೆಯದವರಲ್ಲಿ ಸುಮಾರು ಶೇ. 3ರಷ್ಟು. ಆ ಕೇಂದ್ರ ಎಲ್ಲಿದೆ ಎಂಬುದು ಅಂತಿಮ ವರ್ಷದ ಆ ವಿದ್ಯಾರ್ಥಿಗಳಿಗೆ ಮೊದಲೇ ತಿಳಿದಿತ್ತು ಎನ್ನುವುದನ್ನು ಮರೆಯಬಾರದು.

ಇದರ ಇನ್ನೊಂದು ಮುಖವೂ ನನಗೆ ಅಷ್ಟೇ ಮುಖ್ಯ. ಅಪಾಯದ ವಿವರಣೆಯನ್ನು ಓದದೆ ನಕ್ಷೆಯ ಹಾಳೆಯನ್ನಷ್ಟೇ ಪಡೆದವರು ಹೋಗಲಿಲ್ಲ. ಹಾಗಾಗಿ ನಂಬಿಕೆ ಬೇಡವೆಂದಲ್ಲ; ಇಷ್ಟು ಇದ್ದರೆ ಸಾಕು, ಅದನ್ನು ಇನ್ನೂ ಹೆಚ್ಚಿಸುತ್ತ ಹೋಗುವುದರಿಂದ ಪ್ರಯೋಜನವಿಲ್ಲ.

ವ್ಯಾಯಾಮದ ವಿಷಯದಲ್ಲಿಯೂ ಹೀಗೆಯೇ ಆಯಿತು. ಸಾರಾ ಮಿಲ್ನ್, ಶೀನಾ ಆರ್ಬೆಲ್, ಪ್ಯಾಸ್ಕಲ್ ಶೀರನ್ 2002ರಲ್ಲಿ 248 ಪದವಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಹೃದ್ರೋಗದ ಅಪಾಯ ಮತ್ತು ವ್ಯಾಯಾಮದ ಲಾಭವನ್ನು ಓದಿದ ಗುಂಪಿನವರ ನಂಬಿಕೆ, ಸಂಕಲ್ಪ ಎರಡೂ ಏರಿದವು. ಮುಂದಿನ ವಾರ ವ್ಯಾಯಾಮ ಮಾಡಿದವರು ಶೇ. 35. ಅದನ್ನು ಓದದ ಗುಂಪಿನಲ್ಲಿ ಶೇ. 38. ಅದೇ ಓದಿನ ಜೊತೆಗೆ ‘ಇಂತಹ ದಿನ, ಇಷ್ಟು ಹೊತ್ತಿಗೆ, ಇಂತಹ ಜಾಗದಲ್ಲಿ ಮಾಡುತ್ತೇನೆ’ ಎಂದು ಬರೆದುಕೊಟ್ಟ ಗುಂಪಿನಲ್ಲಿ ಶೇ. 91. ಒಂದೇ ವಾರದ ಫಲಿತಾಂಶ ಇದಾದ್ದರಿಂದ ಮಿತಿಮೀರಿ ಹಿಗ್ಗಬೇಕಾಗಿಲ್ಲ. ಸಂಕಲ್ಪವನ್ನು ಬದಲಿಸಿ ನಡವಳಿಕೆಯನ್ನು ನೋಡಿದ 47 ಪ್ರಯೋಗಗಳನ್ನು ಒಟ್ಟುಗೂಡಿಸಿದ ಥಾಮಸ್ ವೆಬ್ ಮತ್ತು ಶೀರನ್ ಅವರ 2006ರ ವಿಶ್ಲೇಷಣೆಯ ಪ್ರಕಾರವೂ ಸಂಕಲ್ಪದಲ್ಲಿ ಸಾಕಷ್ಟು ದೊಡ್ಡ ಬದಲಾವಣೆ ತಂದರೂ ನಡವಳಿಕೆಯಲ್ಲಿ ಬದಲಾಗುವುದು ಅದಕ್ಕಿಂತ ಬಹಳ ಕಡಿಮೆ.

ವಿದ್ಯಾರ್ಥಿನಿಲಯದ ಪಾಲಕ

ನಾನು ಸಂಶೋಧಕನಲ್ಲ, ರಾತ್ರಿ ಸುತ್ತು ಹಾಕುವವನು. ತನ್ನ ಬಗೆಗಿನ ನಂಬಿಕೆಯನ್ನು ಎಲ್ಲರೂ ಹೇಳಿದಿರಿ, ಉಳಿದವರ ಬಗೆಗಿನ ನಂಬಿಕೆಯನ್ನು ಯಾರೂ ಎತ್ತಲಿಲ್ಲ. ಒಂದು ಗಂಟೆಗೆ ಮೂರನೆಯ ಮಹಡಿಯ ಓಣಿಯಲ್ಲಿ ನಡೆದರೆ ಬಾಗಿಲಿನ ಕೆಳಗಿನ ಸಂದಿಯಲ್ಲಿ ಬೆಳಕು ಕಾಣುವುದು ಐದಾರು ಕೋಣೆಗಳಲ್ಲಿ ಮಾತ್ರ; ಉಳಿದವೆಲ್ಲ ಕತ್ತಲು. ಆದರೆ ಯಾವ ಹುಡುಗನನ್ನು ಕೇಳಿದರೂ ‘ಎಲ್ಲರೂ ಎರಡು ಗಂಟೆಯವರೆಗೆ ಓದುತ್ತಾರೆ ಸಾರ್, ನಾನೊಬ್ಬನೇ ಹೇಗೆ ಮಲಗಲಿ’ ಎನ್ನುತ್ತಾನೆ. ಎಚ್ಚರವಿರುವವರು ಪರಸ್ಪರ ಕಾಣುತ್ತಾರೆ, ಮಾತನಾಡುತ್ತಾರೆ, ಸಂದೇಶ ಕಳುಹಿಸುತ್ತಾರೆ. ಮಲಗಿದವರು ತಾವು ಮಲಗಿದ್ದೇವೆ ಎಂದು ಯಾರಿಗೂ ತಿಳಿಸುವುದಿಲ್ಲ.

ಮನಶ್ಶಾಸ್ತ್ರ ಸಂಶೋಧನಾ ವಿದ್ಯಾರ್ಥಿ

ಸರ್, ನೀವು ಹೇಳಿದ್ದನ್ನೇ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮದ್ಯಪಾನದ ವಿಷಯದಲ್ಲಿ ಕಂಡು 1993ರಲ್ಲಿ ಪ್ರಕಟಿಸಿದರು. ಅಲ್ಲಿನ ಕುಡಿತದ ಬಗ್ಗೆ ತಮಗೆ ಮುಜುಗರವಿದೆ, ಉಳಿದವರಿಗೆ ಅಷ್ಟಿಲ್ಲ ಎಂದು ಸಾಮಾನ್ಯವಾಗಿ ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಮನಸ್ಸಿನೊಳಗೆ ಒಪ್ಪದ ರೂಢಿಯೊಂದು ಎಲ್ಲರೂ ಒಪ್ಪಿದ್ದಾರೆ ಎಂಬ ತಪ್ಪು ನಂಬಿಕೆಯ ಬಲದಿಂದ ಉಳಿದುಕೊಂಡಿರಬಹುದು. ಮೇಡಂ ಅವರ ಹಾಳೆಗೆ ‘ನಿಮ್ಮ ಸಹಪಾಠಿಗಳಲ್ಲಿ ಎಷ್ಟು ಮಂದಿ ಹನ್ನೆರಡರ ಒಳಗೆ ಮಲಗುತ್ತಾರೆ’ ಎಂಬ ಒಂದು ಪ್ರಶ್ನೆ ಸೇರಿದರೆ, ಅದರ ಉತ್ತರವನ್ನು ಎರಡನೆಯ ಹಾಳೆಯ ನಿಜ ಸ್ಥಿತಿಯೊಂದಿಗೆ ಹೋಲಿಸಿ ತರಗತಿಯಲ್ಲಿಯೇ ತೋರಿಸಬಹುದು.

ಅಂತಿಮ ವರ್ಷದ ವಿದ್ಯಾರ್ಥಿನಿ

ವೈದ್ಯರ ಮಾತಿನಂತೆ ಕಳೆದ ಐದು ದಿನ ಗಮನಿಸಿದೆ. ಓದಿದ ಪುಟವನ್ನು ಮತ್ತೆ ಓದುವುದು ನಿಂತಿಲ್ಲ. ನಾನು ಅದನ್ನು ಗಮನಿಸುವುದನ್ನು ಬಿಟ್ಟಿದ್ದೆ, ಅಷ್ಟೆ. ಒಪ್ಪಿಕೊಳ್ಳಲು ಸ್ವಲ್ಪ ನೋವಾಯಿತು.

ಹೊತ್ತು, ಜಾಗ ಬರೆದಿಡುವ ವಿಧಾನವನ್ನೂ ಆರಂಭಿಸಿದೆ. ‘ಹನ್ನೊಂದೂವರೆಗೆ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ದೀಪ ಆರಿಸುತ್ತೇನೆ’ ಎಂದು ಮೇಜಿನ ಮೇಲೆ ಚೀಟಿ ಅಂಟಿಸಿದ್ದೇನೆ. ಕಿಟಕಿಯ ಕಟ್ಟೆ ಏಕೆಂದರೆ ಮಂಚದಿಂದ ಕೈ ಚಾಚಿದರೆ ಅದು ಸಿಗುವುದಿಲ್ಲ. ನಾಲ್ಕು ದಿನ ನಡೆಯಿತು, ಐದನೆಯ ದಿನ ಅಸೈನ್‌ಮೆಂಟ್ ಸಲ್ಲಿಸಬೇಕಿದ್ದುದರಿಂದ ತಪ್ಪಿತು. ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತೇ? ಎಷ್ಟು ದಿನ ಹೀಗೆ ಚೀಟಿ ನೋಡಿ ಮಾಡಬೇಕು?

ವೈದ್ಯ, ವಿದ್ಯಾರ್ಥಿ ಆರೋಗ್ಯ ಕೇಂದ್ರ

ಹಾಳಾಗಲಿಲ್ಲ ತಂಗಿ. ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನ ಸ್ವಯಂಸೇವಕರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ಯೋಚಿಸದೆಯೇ ನಡೆಯುವಷ್ಟು ರೂಢಿಯಾಗಲು ಹಿಡಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು) 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೂ ಬದಲಾಗುತ್ತಿತ್ತು (12 ವಾರ ಮೀರಿದ ಅವಧಿಗಳು ಲೆಕ್ಕದಿಂದ ಅಂದಾಜಿಸಿದವು). ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ಹಿನ್ನಡೆ ಕಾಣಲಿಲ್ಲ. 21 ದಿನ ಸಾಕು ಎಂದು ಎಲ್ಲೆಡೆ ಕೇಳುವ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನವೂ ಕಷ್ಟವೆನಿಸಿದಾಗ ‘ಇದು ನನ್ನಿಂದಾಗದು’ ಎಂದು ಕೈಬಿಟ್ಟವರನ್ನು ಹಲವರನ್ನು ನೋಡಿದ್ದೇನೆ. ಆ ಚೀಟಿ ಸೆಮಿಸ್ಟರ್ ಮುಗಿಯುವವರೆಗೆ ಮೇಜಿನ ಮೇಲೆಯೇ ಇರಲಿ.

ಸಮುದಾಯ ಆರೋಗ್ಯ ಅಧ್ಯಾಪಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಾಳೆಗಳನ್ನು ಹೊಸದಾಗಿ ಬರೆದಿದ್ದೇನೆ. ‘ಏಳು ಗಂಟೆ ನಿದ್ದೆ ಬೇಕು’ ಎಂಬ ವಾಕ್ಯವನ್ನು ತೆಗೆದು, ‘ಈ ಸೆಮಿಸ್ಟರಿನಲ್ಲಿ ನಿಮ್ಮ ನಿದ್ದೆ ಈಗಿನಂತೆಯೇ ಮುಂದುವರಿದರೆ ನಿಮಗೆ ಏನಾಗಬಹುದು’, ‘ಮುಂದಿನ ವಾರ ಎಷ್ಟು ರಾತ್ರಿ ಹನ್ನೆರಡರ ಒಳಗೆ ಮಲಗಲು ನಿಮ್ಮಿಂದ ಆದೀತು’, ‘ಅದಕ್ಕೆ ಅಡ್ಡಿ ಬರುವುದು ಏನು’, ‘ಸಹಪಾಠಿಗಳು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂದು ಭಾವಿಸುತ್ತೀರಿ’ ಎಂಬ ನಾಲ್ಕು ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರಿನ ಬದಲು ವಿದ್ಯಾರ್ಥಿಗಳೇ ಆರಿಸಿಕೊಂಡ ಗುರುತು ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯ ಹಾಳೆಗಳನ್ನು ಸೆಮಿಸ್ಟರಿನ ಹನ್ನೆರಡನೆಯ ವಾರ ಮತ್ತೆ ತುಂಬಿಸಿ, ಬೋಧಕರು ಹೇಳಿದಂತೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.

ಮಾತ್ರೆಗಳ ಬಗ್ಗೆ ಮಾತ್ರ ಹಳೆಯ ಬಗೆಯ ಪಾಠವನ್ನೇ ಉಳಿಸಿಕೊಂಡಿದ್ದೇನೆ, ವೈದ್ಯರೇ. ಆ ತರಗತಿಯನ್ನು ನೀವೇ ತೆಗೆದುಕೊಳ್ಳಲು ಒಪ್ಪಿದರೆ ದಿನವನ್ನು ನಿಗದಿಪಡಿಸೋಣ.

ಇನ್ನೊಂದು ವಿಷಯ. ನನ್ನ ವಿಷಯದ ಅಸೈನ್‌ಮೆಂಟುಗಳ ಕೊನೆಯ ಗಳಿಗೆಯನ್ನು ರಾತ್ರಿ 11.59ರಿಂದ ಸಂಜೆ 6ಕ್ಕೆ ಬದಲಿಸಿದ್ದೇನೆ. ಉಳಿದ ಇಬ್ಬರು ಅಧ್ಯಾಪಕರಿಗೂ ಹಾಗೆ ಮಾಡುವಂತೆ ನಿನ್ನೆ ಪತ್ರ ಬರೆದಿದ್ದು, ಒಬ್ಬರು ಈಗಾಗಲೇ ಒಪ್ಪಿದ್ದಾರೆ.